ಮಾತಿಲ್ಲದ ನಾದಕ್ಕೆ ಬಂದ ಕಣ್ಣೀರು

ಕಳೆದ ವರ್ಷ ಶ್ರೀ ರಾಘವೇಂದ್ರಸ್ವಾಮಿಗಳವರ ಉತ್ತರಾರಾಧನೆಯಂದು ನಮ್ಮ ದೇವಸ್ಥಾನದಲ್ಲಿ ಭಕ್ತಿಯ ಲಕ್ಷಣವನ್ನು ಕುರಿತು ವಿದ್ವಾಂಸರೊಬ್ಬರ ಉಪನ್ಯಾಸವು ನಡೆಯಿತು. ಉಪನ್ಯಾಸ ಮುಗಿದು, ಪ್ರಸಾದಕ್ಕೆ ಎಲೆ ಹಾಕುವ ಮೊದಲು ದೊರೆತ ಅಲ್ಪಾವಕಾಶದಲ್ಲಿ ಸಭಿಕರು ಪ್ರಶ್ನೆ ಕೇಳಬಹುದೆಂದು ಹೇಳಲಾಯಿತು. ಇಂತಹ ಸಂದರ್ಭಗಳಲ್ಲಿ ಬರುವ ಪ್ರಶ್ನೆಗಳು ವಾಚಕರಿಗೆ ಪರಿಚಿತವಾದವೇ: ದಶಮಿಯ ವೇಧೆಯಿದ್ದಾಗ ಉಪವಾಸ ಎಂದು, ಪ್ರವಾಸದಲ್ಲಿ ಸಂಧ್ಯಾವಂದನೆಯ ಗತಿಯೇನು, ಇತ್ಯಾದಿ. ಆದರೆ ಅಂದು ಹೆಂಗಸರ ಸಾಲಿನಿಂದ ಒಬ್ಬ ಯುವತಿ ಎದ್ದು ನಿಂತು ಕೇಳಿದ ಪ್ರಶ್ನೆ ಬೇರೆಯ ಬಗೆಯದಾಗಿತ್ತು. ಆಕೆ ನಮ್ಮ ದೇವಸ್ಥಾನಕ್ಕೆ ತಲೆಮಾರುಗಳಿಂದ ನಡೆದುಕೊಳ್ಳುವ ಮನೆತನದವಳು. ಬಾಲ್ಯದಲ್ಲಿ ಇಲ್ಲಿಯೇ ಪಿಟೀಲು ಕಲಿತು, ಮುಂದೆ ಪಾಶ್ಚಾತ್ಯ ಪದ್ಧತಿಯನ್ನು ಅಭ್ಯಾಸ ಮಾಡಿ, ಈಗ ಪರದೇಶದ ಒಂದು ನಗರದ ವಾದ್ಯವೃಂದದಲ್ಲಿ ನುಡಿಸುತ್ತಿರುವವಳು.

“ಆಚಾರ್ಯರೇ, ನಾವು ನುಡಿಸುವ ಕೃತಿ ಒಂದಿದೆ. ಅದರಲ್ಲಿ ಮಾತಿಲ್ಲ, ದೇವರ ಹೆಸರಿಲ್ಲ. ಆದರೂ ಪ್ರತಿ ಸಲವೂ ನನಗೆ ಕಣ್ಣು ತುಂಬಿ ಬರುತ್ತದೆ. ಮನೆಯಲ್ಲಿ ಹರಿಕಥಾಮೃತಸಾರ ಓದುವಾಗ ಒಮ್ಮೆಯೂ ಹಾಗಾಗಿಲ್ಲ. ಇದು ದೋಷವೇ?” ಎಂದು ಆಕೆ ಕೇಳಿದಳು.

ವಿದ್ವಾಂಸರು ಸೌಮ್ಯವಾಗಿಯೇ, “ಅದು ಶ್ರವಣೇಂದ್ರಿಯದ ಸುಖ ತಾಯೀ, ಭಕ್ತಿಯಲ್ಲ” ಎಂದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಆಕೆಯನ್ನು ಸಮಾಧಾನಪಡಿಸುವಂತೆ, “ಸಂಗೀತವೆಲ್ಲ ದೇವರ ಸ್ವರೂಪವೇ ಅಲ್ಲವೇನಮ್ಮ, ಅತ್ತರೆ ಒಳ್ಳೆಯದೇ ಆಯಿತು” ಎಂದರು. ಅಷ್ಟರಲ್ಲಿ ಎಲೆ ಹಾಕಿಯಾಗಿತ್ತು. ಆಕೆ ನಮಸ್ಕರಿಸಿ ಕುಳಿತಳು. ಆದರೆ ಆಕೆಗೆ ಸಿಕ್ಕ ಎರಡು ಉತ್ತರಗಳಲ್ಲಿ ಒಂದೂ ಆಕೆಯ ಪ್ರಶ್ನೆಯನ್ನು ಮುಟ್ಟಲಿಲ್ಲವೆಂದು ನನಗೆ ತೋರಿತು. ಊಟವಾದ ಮೇಲೆ ಆಕೆಯನ್ನೂ ಆಕೆಯ ತಂದೆಯನ್ನೂ ಜಗಲಿಯ ಮೇಲೆ ಕೂರಿಸಿಕೊಂಡು ಆ ಕೃತಿ ಯಾವುದೆಂದು ವಿಚಾರಿಸಿದೆ. ಆಕೆ ತನ್ನ ಮೊಬೈಲು ಫೋನಿನಲ್ಲಿ ಅದನ್ನು ಕೇಳಿಸಿದಳು.

ಆ ಕೃತಿಯ ಹೆಸರು ‘ಅಡಾಜಿಯೊ ಫಾರ್ ಸ್ಟ್ರಿಂಗ್ಸ್’. ತಂತೀವಾದ್ಯಗಳಿಗಾಗಿ ರಚಿಸಿದ ವಿಲಂಬಗತಿಯ ಕೃತಿ ಎಂದು ಅರ್ಥ. ರಚಿಸಿದವರು ಸ್ಯಾಮ್ಯುಯೆಲ್ ಬಾರ್ಬರ್ ಎಂಬ ಅಮೆರಿಕೆಯ ಸಂಗೀತಕಾರರು. 1910ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡವರು. 1936ರಲ್ಲಿ, ತಮ್ಮ 26ನೆಯ ವಯಸ್ಸಿನಲ್ಲಿ, ನಾಲ್ಕೇ ವಾದ್ಯಗಳಿಗೆಂದು ಬರೆದ ಒಂದು ರಚನೆಯ ನಡುವಣ ಭಾಗವಾಗಿ ಇದನ್ನು ನಿರ್ಮಿಸಿದರು. ಅನಂತರ ಅದನ್ನೇ ಪಿಟೀಲು, ವಿಯೋಲ, ಚೆಲ್ಲೋ, ಡಬಲ್ ಬಾಸ್ ಎಂಬ ತಂತೀವಾದ್ಯಗಳ ಪೂರ್ಣ ವೃಂದಕ್ಕೆ ವಿಸ್ತರಿಸಿದರು. 1938ರ ನವೆಂಬರ್ 5ರಂದು ತೊಸ್ಕಾನಿನಿ ಎಂಬ ಪ್ರಖ್ಯಾತ ನಿರ್ದೇಶಕರು ನ್ಯೂಯಾರ್ಕಿನಿಂದ ರೇಡಿಯೋ ಮೂಲಕ ಇದನ್ನು ಮೊದಲ ಬಾರಿಗೆ ಕೇಳಿಸಿದರು.

ಸುಮಾರು ಎಂಟು ನಿಮಿಷಗಳ ಈ ಕೃತಿ ಹೇಗಿದೆಯೆಂಬುದನ್ನು ನಮ್ಮ ಪರಿಭಾಷೆಯಲ್ಲಿ ಹೇಳಲು ಯತ್ನಿಸುತ್ತೇನೆ. ಆರಂಭದಲ್ಲಿ ಪಿಟೀಲುಗಳು ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತವೆ. ಕೆಳಗಿನ ವಾದ್ಯಗಳು ಮೆಲ್ಲನೆ ಬಂದು ಅದರ ಅಡಿಗೆ ಸೇರುತ್ತವೆ. ಬಳಿಕ ಆ ಸ್ವರವು ಬಹುಮಟ್ಟಿಗೆ ತನ್ನ ನೆರೆಯ ಸ್ವರಕ್ಕೇ ಹೆಜ್ಜೆಯಿಡುತ್ತ, ಏರುವುದೋ ಇಳಿಯುವುದೋ ತಿಳಿಯದವರಂತೆ ಅನುಮಾನಿಸುತ್ತ ಸಾಗುತ್ತದೆ. ತಾಳದ ಪೆಟ್ಟು ಕಿವಿಗೆ ಬೀಳುವುದಿಲ್ಲ. ನಮ್ಮ ಆಲಾಪನೆಯಂತೆ ಉಸಿರಿನ ಉದ್ದವೇ ಅದರ ಅಳತೆ. ಪಿಟೀಲು ಹಾಡಿದ್ದನ್ನು ವಿಯೋಲ ತೆಗೆದುಕೊಳ್ಳುತ್ತದೆ, ವಿಯೋಲದಿಂದ ಚೆಲ್ಲೋ ತೆಗೆದುಕೊಳ್ಳುತ್ತದೆ. ಹೀಗೆ ಏರುತ್ತ ಏರುತ್ತ, ಇನ್ನು ತಂತಿಗೆ ತಡೆಯಲಾಗದು ಎಂಬಷ್ಟು ತಾರಸ್ಥಾಯಿಗೆ ಎಲ್ಲವೂ ಕೂಡಿ ಹೋಗಿ, ಅಲ್ಲಿ ಒಮ್ಮೆಗೇ ನಿಂತುಬಿಡುತ್ತವೆ. ಪೂರ್ಣ ನಿಶ್ಶಬ್ದ. ಅನಂತರ ಕೆಳದನಿಯಲ್ಲಿ ಕೆಲವು ಸ್ವರಮೇಳಗಳು. ಮೊದಲಿನ ಧಾಟಿಯು ಬಳಲಿದಂತೆ ಮತ್ತೊಮ್ಮೆ ಬರುತ್ತದೆ. ಮುಗಿಯುವಾಗ ಮಾತ್ರ, ನಮ್ಮ ಕಿವಿ ನಿರೀಕ್ಷಿಸುವಂತೆ ಷಡ್ಜಕ್ಕೆ ಬಂದು ಕುಳಿತುಕೊಳ್ಳುವುದಿಲ್ಲ. ಪಂಚಮದ ಮೇಲೆ ಕಟ್ಟಿದ ಮೇಳದಲ್ಲಿ ಹಾಗೆಯೇ ಕ್ಷೀಣಿಸುತ್ತದೆ.

ನನಗೆ ಮೊದಲ ಸಲ ಕೇಳಿದಾಗ ಏನೂ ಆಗಲಿಲ್ಲ. ಏಕಕಾಲಕ್ಕೆ ಅನೇಕ ಸ್ವರಗಳು ನುಡಿಯುವ ಪದ್ಧತಿಗೆ ನನ್ನ ಕಿವಿ ಒಗ್ಗಿರಲಿಲ್ಲ. ಆದರೆ ಆ ರಾತ್ರಿ ಪುನಃ ಕೇಳಿದೆ, ಮರುದಿನವೂ ಕೇಳಿದೆ. ಮೂರನೆಯ ಸಲ ಆ ನಿಶ್ಶಬ್ದದ ಸ್ಥಳಕ್ಕೆ ಬಂದಾಗ ನನ್ನ ಗಂಟಲು ಕಟ್ಟಿತು. ಪ್ರತಿದಿನ ನೈವೇದ್ಯಕಾಲದಲ್ಲಿ ದ್ವಾದಶಸ್ತೋತ್ರವನ್ನು ಒಣಗಣ್ಣಿನಿಂದಲೇ ಹೇಳುವ ನನಗೆ ಇದು ಲಜ್ಜೆಯ ವಿಷಯವಾಯಿತು. ಆದ್ದರಿಂದ ಆ ಯುವತಿಯ ಪ್ರಶ್ನೆ ಈಗ ನನ್ನದೂ ಹೌದು.

ಪಾಶ್ಚಾತ್ಯ ವಾದ್ಯವೃಂದಕ್ಕೂ ದೇವಸ್ಥಾನದ ಪತ್ರಿಕೆಗೂ ಏನು ಸಂಬಂಧವೆಂದು ಕೆಲವರಿಗಾದರೂ ಅನಿಸಬಹುದು. ನಮ್ಮ ಸಂಗೀತದಲ್ಲಿ ಇಂದು ಅನಿವಾರ್ಯವಾಗಿರುವ ಪಿಟೀಲು ಅಲ್ಲಿಂದಲೇ ಬಂದದ್ದು. ಅದನ್ನು ನಮ್ಮ ಪದ್ಧತಿಗೆ ಒಗ್ಗಿಸಿದವರಲ್ಲಿ ಮೊದಲಿಗರೆಂದು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರ ಹೆಸರನ್ನು ಹೇಳುತ್ತಾರೆ. ಮುತ್ತುಸ್ವಾಮಿ ದೀಕ್ಷಿತರಂತೂ ಇಂಗ್ಲಿಷರ ಬ್ಯಾಂಡಿನ ಧಾಟಿಗಳಿಗೆ ದೇವತಾಸ್ತುತಿಗಳನ್ನೇ ಅಳವಡಿಸಿದರು. ಅವು ನೊಟ್ಟುಸ್ವರಗಳೆಂದು ಪ್ರಸಿದ್ಧವಾಗಿವೆ. ಮೈಸೂರಿನ ಜಯಚಾಮರಾಜ ಒಡೆಯರು ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ಕರ್ನಾಟಕ ಸಂಗೀತದಲ್ಲಿ ರಚಿಸಿದವರು. ಅವರೇ ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ಪೋಷಕರಾಗಿದ್ದರು. ರಿಚರ್ಡ್ ಸ್ಟ್ರಾಸ್ ಎಂಬ ಜರ್ಮನ್ ಸಂಗೀತಕಾರರ ಕೊನೆಯ ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ಅವರ ಧನಸಹಾಯದಿಂದ. ಆದುದರಿಂದ ಇದು ನಮಗೆ ತೀರ ಪರಕೀಯವೆಂದು ಬಾಗಿಲು ಹಾಕಿಕೊಳ್ಳುವ ಕಾರಣವಿಲ್ಲ.

ಇನ್ನು ಪ್ರಶ್ನೆಗೆ ಬರೋಣ. ಸಂಗೀತವೆಲ್ಲ ದೇವರೇ ಎಂಬ ಹಿರಿಯರ ಮಾತಿಗೆ ನಮ್ಮ ಸಿದ್ಧಾಂತದಲ್ಲಿ ಒಂದು ಆಧಾರವಿದೆಯೆಂಬುದನ್ನು ಮೊದಲು ಒಪ್ಪಬೇಕು. ವೇದಶಬ್ದಗಳಷ್ಟೇ ಅಲ್ಲ, ಲೌಕಿಕ ಶಬ್ದಗಳು, ಕಡಲಿನ ಮೊರೆತ, ಭೇರಿಯ ನಾದ, ಇವೆಲ್ಲವೂ ಪರಮಮುಖ್ಯವೃತ್ತಿಯಿಂದ ಶ್ರೀಹರಿಯನ್ನೇ ಹೇಳುತ್ತವೆಯೆಂಬುದನ್ನು ಐತರೇಯಭಾಷ್ಯದ ಪಾಠ ಕೇಳಿದವರು ಬಲ್ಲರು. ಅಂದಮೇಲೆ ಬಾರ್ಬರರ ಪಿಟೀಲಿನ ನಾದವೂ ಹರಿಯ ವಾಚಕವೇ. ಆದರೆ ಶಬ್ದವು ಹೇಳುವುದು ಒಂದು, ಕೇಳುವವನು ತಿಳಿಯುವುದು ಇನ್ನೊಂದು. ಸಂಸ್ಕೃತವರಿಯದವನ ಮುಂದೆ ವಿಷ್ಣುಸಹಸ್ರನಾಮ ಹೇಳಿದರೂ ಅವು ವಿಷ್ಣುವಿನ ನಾಮಗಳೇ. ಆದರೆ ಅವನಿಗೆ ಅರ್ಥಜ್ಞಾನವಾಯಿತೆಂದು ಯಾರೂ ಹೇಳುವುದಿಲ್ಲ. ಕಡಲಿನ ದಡದಲ್ಲಿ ನಿಂತವರೆಲ್ಲ ಭಕ್ತರಾದರೆ ಮಲ್ಪೆಯ ಮೀನಿನ ದೋಣಿಗಳಲ್ಲಿ ಮುಕ್ತಿಯೋಗ್ಯರು ತುಂಬಿರಬೇಕಾಗಿತ್ತು. ಇದ್ದಾರೆಯೋ ಏನೋ, ಅದು ಬೇರೆಯ ಮಾತು.

ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಭಕ್ತಿಗೆ ಲಕ್ಷಣವನ್ನು ಹೇಳುವಾಗ ಮಾಹಾತ್ಮ್ಯಜ್ಞಾನವನ್ನು ಮೊದಲಿಟ್ಟು, ಅದರಿಂದ ಹುಟ್ಟುವ, ಸುದೃಢವಾದ, ಬೇರೆಲ್ಲಕ್ಕಿಂತ ಮಿಗಿಲಾದ ಸ್ನೇಹವನ್ನು ಭಕ್ತಿಯೆಂದಿದ್ದಾರೆ. ಇದರಂತೆ ನೋಡಿದರೆ, ಮಾಹಾತ್ಮ್ಯಜ್ಞಾನವಿಲ್ಲದ ಕಣ್ಣೀರು ಭಕ್ತಿಯಲ್ಲವೆಂಬ ವಿದ್ವಾಂಸರ ಮಾತು ಸರಿಯೇ. ಆದರೆ ಅದು ಇಂದ್ರಿಯಸುಖ ಎಂದು ಅವರು ಹೇಳಿದುದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಸುಖವನ್ನೂ ದುಃಖವನ್ನೂ ನೇರವಾಗಿ ಅರಿಯುವುದು ಸಾಕ್ಷಿ. ಆ ಅರಿವು ಎಂದೂ ತಪ್ಪುವುದಿಲ್ಲ. ‘ನನ್ನ ಮನಸ್ಸು ಕರಗಿತು’ ಎಂದು ಆಕೆಗೆ ಅನಿಸಿದ್ದರಲ್ಲಿ ಭ್ರಾಂತಿಗೆ ಅವಕಾಶವಿಲ್ಲ. ‘ಏತಕ್ಕಾಗಿ ಕರಗಿತು’ ಎಂಬುದನ್ನು ಹೇಳಹೊರಡುವುದು ಮನಸ್ಸು, ಮನಸ್ಸಿಗೆ ಭ್ರಾಂತಿಯುಂಟು. ಆಕೆಯ ಸಾಕ್ಷಿಗೆ ಗೋಚರವಾದದ್ದನ್ನು ಮತ್ತೊಬ್ಬರು ಎದುರಿನ ಪೀಠದಲ್ಲಿ ಕುಳಿತು ಇಂಥದ್ದೆಂದು ತೀರ್ಪು ಕೊಡುವುದು ಹೇಗೆ?

ಹಾಗಾದರೆ ಏತಕ್ಕಾಗಿ? ಇಲ್ಲಿ ಆ ಕೃತಿಯ ಚರಿತ್ರೆ ನಮಗೆ ಸ್ವಲ್ಪ ಬೆಳಕು ಕೊಡುತ್ತದೆ. ಇಂದು ಅದು ಪಶ್ಚಿಮದಲ್ಲಿ ಶೋಕದ ಸಂಗೀತವೆಂದೇ ಹೆಸರಾಗಿದೆ. 1945ರ ಏಪ್ರಿಲ್ 12ರಂದು ಅಧ್ಯಕ್ಷ ರೂಸ್‌ವೆಲ್ಟರು ತೀರಿಕೊಂಡಾಗ ರೇಡಿಯೋದಲ್ಲಿ ಇದನ್ನು ಕೇಳಿಸಿದರು. 1963ರಲ್ಲಿ ಕೆನಡಿಯವರ ಹತ್ಯೆಯಾದಾಗ ಜನರಿಲ್ಲದ ಸಭಾಂಗಣದಲ್ಲಿ ಇದನ್ನು ನುಡಿಸಿ ಪ್ರಸಾರ ಮಾಡಿದರು. 2001ರ ಸೆಪ್ಟೆಂಬರ್ 15ರಂದು, ನ್ಯೂಯಾರ್ಕಿನ ದುರಂತ ಸಂಭವಿಸಿ ನಾಲ್ಕು ದಿನಗಳಾಗಿದ್ದಾಗ, ಲಂಡನ್ನಿನಲ್ಲಿ ಪ್ರತಿವರ್ಷ ಉತ್ಸಾಹದಿಂದ ಮುಗಿಯುವ ಸಂಗೀತೋತ್ಸವದ ಕೊನೆಯ ರಾತ್ರಿ ಇದು ಕೇಳಿಬಂತು. ವಿಯೆಟ್ನಾಂ ಯುದ್ಧವನ್ನು ಕುರಿತ 1986ರ ಚಲನಚಿತ್ರವೊಂದರಲ್ಲಿಯೂ ಇದೇ ಧಾಟಿ. ಆದರೆ 1936ರಲ್ಲಿ ಇದನ್ನು ಬರೆದ ಯುವಕ ಯಾರ ಮರಣಕ್ಕಾಗಿಯೂ ಬರೆದವನಲ್ಲ. ಸತ್ತವರನ್ನು ತಂದು ಈ ನಾದದೊಳಗೆ ಇಟ್ಟವರು ಅನಂತರದ ಕೇಳುಗರು. 1967ರಲ್ಲಿ ಬಾರ್ಬರರೇ ಇದೇ ಸ್ವರಗಳಿಗೆ, ಕ್ರೈಸ್ತರ ಪೂಜಾವಿಧಿಯಲ್ಲಿ ಕರುಣೆಯನ್ನೂ ಶಾಂತಿಯನ್ನೂ ಬೇಡುವ ಲ್ಯಾಟಿನ್ ಪ್ರಾರ್ಥನೆಯನ್ನು ಅಳವಡಿಸಿ ಸಮೂಹಗಾನವನ್ನಾಗಿ ಮಾಡಿದರು. ಮೂವತ್ತೊಂದು ವರ್ಷ ಮಾತಿಲ್ಲದೆ ಇದ್ದ ನಾದಕ್ಕೆ ಆಗ ಮಾತು ಬಂತು. ಸ್ವರಗಳು ಬದಲಾಗಲಿಲ್ಲ.

ಇದರಿಂದ ತಿಳಿಯುವುದೇನೆಂದರೆ, ನಾದವು ಮನಸ್ಸನ್ನು ಕರಗಿಸಬಲ್ಲುದು. ಆದರೆ ಯಾವುದರ ವಿಷಯದಲ್ಲಿ ಕರಗಬೇಕೆಂದು ತಾನೇ ಹೇಳಲಾರದು. ವಿಷಯವನ್ನು ಕೇಳುಗನು ತರುತ್ತಾನೆ. ಕರಗಿದ ಅರಗಿನ ಮೇಲೆ ಯಾವ ಮುದ್ರೆ ಒತ್ತಿದರೆ ಆ ಗುರುತು ನಿಲ್ಲುವಂತೆ, ಕರಗಿದ ಚಿತ್ತದಲ್ಲಿ ಭಗವಂತನ ಆಕಾರವು ಮೂಡಿದರೆ ಭಕ್ತಿಯೆಂಬ ದೃಷ್ಟಾಂತವೊಂದಿದೆ. ಇದು ಮಧುಸೂದನ ಸರಸ್ವತಿಗಳದು. ನಮ್ಮ ವ್ಯಾಸರಾಯರ ನ್ಯಾಯಾಮೃತವನ್ನು ಖಂಡಿಸಲು ಅದ್ವೈತಸಿದ್ಧಿಯನ್ನು ಬರೆದವರೂ ಅವರೇ. ಪ್ರತಿಪಕ್ಷದವರಾದರೇನು, ಅರಗಿನ ಮಾತು ಚೆನ್ನಾಗಿದೆ, ತೆಗೆದುಕೊಳ್ಳೋಣ.

ಆ ಯುವತಿಯನ್ನು ನಾನು ಕೇಳಿದೆ: “ಅಳು ಬಂದಾಗ ಯಾರಾದರೂ ನೆನಪಾಗುತ್ತಾರೆಯೇ ಅಮ್ಮ? ಅಜ್ಜಿ, ಊರು, ಹೀಗೆ?” ಆಕೆ ಬಹಳ ಹೊತ್ತು ಯೋಚಿಸಿ, “ಯಾರೂ ಇಲ್ಲ. ಅದೇ ನನಗೂ ಸೋಜಿಗ. ಯಾರಿಗಾಗಿಯೋ ಕಾಯುತ್ತಿದ್ದೇನೆ ಅನಿಸುತ್ತದೆ. ಯಾರಿಗೆಂದು ಗೊತ್ತಿಲ್ಲ” ಎಂದಳು.

ಈ ಉತ್ತರವು ನನ್ನನ್ನು ಅನೇಕ ದಿನ ಕಾಡಿತು. ವಿಷಯವಿಲ್ಲದ ಜ್ಞಾನವಿಲ್ಲವೆಂಬುದು ನಮ್ಮವರ ದೃಢವಾದ ನಿಲುವು. ಹಾಗಿದ್ದ ಮೇಲೆ ವಿಷಯವಿಲ್ಲದ ಹಂಬಲವೆಲ್ಲಿಂದ ಬಂತು? ವಿಷಯ ಇಲ್ಲದಿರುವುದು ಬೇರೆ, ಇದ್ದೂ ತಿಳಿಯದಿರುವುದು ಬೇರೆ. ಕತ್ತಲಲ್ಲಿ ಕೇದಗೆಯ ವಾಸನೆ ಬಂದಾಗ ಹೂವು ಎಲ್ಲಿದೆಯೆಂದು ಕಾಣದಿದ್ದರೂ ಹೂವಿಲ್ಲವೆಂದು ಹೇಳಲಾಗದು. ಜೀವನ ಹೃದಯದಲ್ಲಿ ಬಿಂಬರೂಪಿಯು ಸದಾ ಇದ್ದಾನೆ, ಜೀವನಿಗೆ ಅವನ ಅರಿವಿಲ್ಲ ಎಂದು ನಾವು ದಿನವೂ ಹೇಳುತ್ತೇವೆ. ಈ ಮಾತು ನಿಜವಾಗಿದ್ದರೆ ಆ ಅಗಲಿಕೆಯ ಒಂದು ನೋವು ಎಲ್ಲಿಯೋ ಇರಲೇಬೇಕಲ್ಲ! ಷಡ್ಜಕ್ಕೆ ಮರಳದೆ ಪಂಚಮದಲ್ಲಿಯೇ ಉಳಿದುಬಿಡುವ ಆ ಕೃತಿಯ ಕೊನೆಯನ್ನು ಕೇಳುವಾಗ ಇದನ್ನು ನಂಬುವ ಆಸೆ ನನಗೆ ಬಲವಾಗಿ ಆಗುತ್ತದೆ. ಆದರೆ ಇದನ್ನು ಬಿಂಬದರ್ಶನದ ಅಂಚೆಂದು ಹೇಳಿಬಿಟ್ಟರೆ ಅತಿಪ್ರಸಂಗವಾದೀತು. ವಾಸನೆ ಬಂದ ಮಾತ್ರಕ್ಕೆ ಅದು ಕೇದಗೆಯೇ ಎಂದು ನಿರ್ಣಯಿಸುವಂತಿಲ್ಲ. ಆಕೆಯ ಮಾತನ್ನು ನಾನು ಅಲ್ಲಿಗೇ ಬಿಡುತ್ತೇನೆ.

ಭಾಗವತದ ದಶಮಸ್ಕಂಧದ ವೇಣುಗೀತದ ಪ್ರಸಂಗವನ್ನು ಇಲ್ಲಿ ಕೆಲವರು ಎತ್ತಬಹುದು. ಕೃಷ್ಣನ ಕೊಳಲಿನಲ್ಲಿ ಮಾತಿರಲಿಲ್ಲ. ಆದರೂ ಹಸುಗಳು ಕಿವಿ ನಿಗುರಿಸಿ ಕಣ್ಣೀರು ತುಂಬಿಕೊಂಡು ನಿಂತವು, ಕರುಗಳು ಬಾಯಲ್ಲಿದ್ದ ಹಾಲನ್ನು ನುಂಗದೆ ನಿಂತವು, ನದಿಗಳು ವೇಗ ತಗ್ಗಿಸಿದವು. ಸುಮಧ್ವವಿಜಯದಲ್ಲಿಯೂ ಆಚಾರ್ಯರ ಗಾನಕ್ಕೆ ಹೂವು ಹಣ್ಣುಗಳು ಮೂಡಿದ ಪ್ರಸಂಗ ಬರುತ್ತದೆ. ಆದರೆ ಅಲ್ಲಿ ಊದಿದವನು ಸ್ವಯಂ ಭಗವಂತ, ಹಾಡಿದವರು ವಾಯುದೇವರ ಅವತಾರ. ಅದನ್ನು ಇಲ್ಲಿಗೆ ಪ್ರಮಾಣವಾಗಿ ತರುವುದು ಸುಲಭವಲ್ಲ. ನಾನು ತೆಗೆದುಕೊಳ್ಳುವುದು ಇಷ್ಟನ್ನೇ: ಮಾತಿಲ್ಲದ ನಾದಕ್ಕೆ ಅಳುವುದನ್ನು ಭಾಗವತವು ಹೀನವೆಂದು ಎಣಿಸಲಿಲ್ಲ. ರಾಯರೂ ಪೂರ್ವಾಶ್ರಮದಲ್ಲಿ ವೀಣೆಯಲ್ಲಿ ಪರಿಣತರಾಗಿದ್ದವರು; ವೀಣೆಗೆ ಮಾತುಂಟೆ?

ಇಷ್ಟು ಹೇಳಿದ ಮೇಲೆ ನಮ್ಮವರ ಬಗೆಗೆ ಒಂದು ಮಾತು ಹೇಳದೆ ವಿಧಿಯಿಲ್ಲ. ಭಕ್ತಿಯ ಲಕ್ಷಣದಲ್ಲಿ ಎರಡು ಅಂಶಗಳಿವೆ: ಮಾಹಾತ್ಮ್ಯಜ್ಞಾನ ಒಂದು, ಸ್ನೇಹ ಇನ್ನೊಂದು. ಮೊದಲನೆಯದು ನಮ್ಮ ಮನೆಗಳಲ್ಲಿ ಪಿತ್ರಾರ್ಜಿತವಾಗಿ ಬಂದಿದೆಯೆಂದು ನಾವು ನಂಬಿದ್ದೇವೆ. ಟೀಕೆ, ಟಿಪ್ಪಣಿ, ಟಿಪ್ಪಣಿಯ ಮೇಲೆ ಮತ್ತೊಂದು. ತಾರತಮ್ಯದ ಪಟ್ಟಿಯನ್ನು ಎಂಟು ವರ್ಷದ ಹುಡುಗ ಒಪ್ಪಿಸುತ್ತಾನೆ. ಎರಡನೆಯದನ್ನು ಎಲ್ಲಿ ಕಲಿಸುತ್ತೇವೆ? ವ್ಯಾಸರಾಯರು ತರ್ಕತಾಂಡವವನ್ನು ಬರೆದ ಅದೇ ಲೇಖನಿಯಿಂದ, ಬಾಲಕೃಷ್ಣನನ್ನು ಬೇಗ ಬಾರೆಂದು ಕರೆಯುವ ಒಂದು ಸಣ್ಣ ಪದವನ್ನೂ ಬರೆದರು. ಯಮುನಾಕಲ್ಯಾಣಿಯಲ್ಲಿ ಇಂದಿಗೂ ಎಲ್ಲೆಡೆ ಹಾಡುವ ಆ ಪದದಲ್ಲಿ ತರ್ಕದ ಒಂದು ಎಳೆಯೂ ಇಲ್ಲ. ಅಷ್ಟು ದೊಡ್ಡ ವಾದಿಗೆ ಅದು ಬೇಕಾಗಿತ್ತು, ನಮಗೆ ಬೇಡವಾಯಿತೆ? ಮನೆಯಲ್ಲಿ ಕರಗುವುದನ್ನು ಕಾಣದ ಮಗಳು ಪರದೇಶದ ಸಭಾಂಗಣದಲ್ಲಿ ಕರಗಿದಳೆಂದರೆ, ದೋಷವನ್ನು ಹುಡುಕಬೇಕಾದ ಸ್ಥಳ ಆ ಸಭಾಂಗಣವಲ್ಲ.

ಆಕೆ ಹೊರಡುವ ಮುನ್ನ ಇನ್ನೊಂದು ಮಾತು ಕೇಳಿದಳು. “ಹಾಗಾದರೆ ನಾನು ಏನು ಮಾಡಲಿ? ನುಡಿಸುವುದನ್ನು ಬಿಡಲೇ?” ಬಿಡಬೇಕಾಗಿಲ್ಲವೆಂದೆ. ಅಡಿಗೆಯ ಮನೆಯಲ್ಲಿ ಬೆಂದ ಅನ್ನವು ದೇವರ ಮುಂದಿಟ್ಟು ಸಮರ್ಪಿಸುವವರೆಗೆ ಅನ್ನವೇ. ಸಮರ್ಪಿಸಿದ ಮೇಲೆ ನೈವೇದ್ಯ. ಆ ಕಣ್ಣೀರನ್ನೂ ಹಾಗೆ ಸಮರ್ಪಿಸಲು ಯತ್ನಿಸಬಹುದೆಂದು ಹೇಳಿದೆ. ನಮ್ಮ ಮಹಾಮಂಗಳಾರತಿಯನ್ನು ನೆನಪಿಸಿದೆ. ಶಂಖ, ಜಾಗಟೆ, ನಗಾರಿ, ಗಂಟೆ ಎಲ್ಲವೂ ಕೂಡಿ ಏರುತ್ತ ಹೋಗಿ, ಕಿವಿಗೆ ಇನ್ನೇನೂ ಕೇಳದೆಂಬ ಹೊತ್ತಿಗೆ ಒಮ್ಮೆಗೇ ನಿಲ್ಲುತ್ತವೆ. ಅವುಗಳಲ್ಲಿಯೂ ಮಾತಿಲ್ಲ. ಆ ನಿಂತ ಕ್ಷಣದಲ್ಲಿ ಕಣ್ಣ ಮುಂದೆ ಮೂರ್ತಿಯಿರುತ್ತದೆ, ಅಷ್ಟೇ ವ್ಯತ್ಯಾಸ. “ನಿಮ್ಮ ಕೃತಿಯಲ್ಲಿಯೂ ಅಂತಹ ನಿಶ್ಶಬ್ದವೊಂದು ಬರುತ್ತದಲ್ಲ, ಅಲ್ಲಿ ನಮ್ಮ ಗರ್ಭಗುಡಿಯನ್ನು ನೆನೆಸಿಕೋ ಅಮ್ಮ” ಎಂದೆ. ಈ ಉಪದೇಶವನ್ನು ಕೊಟ್ಟು ನನಗೆ ನಾನೇ ಸ್ವಲ್ಪ ಮೆಚ್ಚಿಕೊಂಡಿದ್ದೆನೆಂದು ಒಪ್ಪಿಕೊಳ್ಳಬೇಕು.

ಎರಡು ತಿಂಗಳ ಬಳಿಕ ಆಕೆಯಿಂದ ಪತ್ರ ಬಂತು. ಮತ್ತೆ ಆ ಕೃತಿಯನ್ನು ನುಡಿಸುವ ಸಂದರ್ಭ ಬಂದಿತ್ತಂತೆ. ನಾನು ಹೇಳಿದಂತೆ ಮಾಡಲು ಯತ್ನಿಸಿದಳಂತೆ. “ಆದರೆ ಆಚಾರ್ಯರೇ, ಕೇಳುವವರಿಗೆ ಅದು ನಿಶ್ಶಬ್ದ. ನಮಗೆ ಅದು ಅತ್ಯಂತ ಕಷ್ಟದ ಕ್ಷಣ. ಕಮಾನನ್ನು ತಂತಿಯ ಮೇಲೆ ನಡುಗದಂತೆ ಹಿಡಿದು, ನಿರ್ದೇಶಕರ ಕೈಯನ್ನೇ ನೋಡುತ್ತಿರಬೇಕು. ಮುಂದಿನ ಸ್ವರವನ್ನು ನಾವೆಲ್ಲರೂ ಒಂದೇ ಉಸಿರಿಗೆ ಹಿಡಿಯಬೇಕು. ಒಬ್ಬರು ಕೂದಲೆಳೆಯಷ್ಟು ಮೊದಲು ಮುಟ್ಟಿದರೂ ಎಲ್ಲ ಕೆಟ್ಟಿತು. ಅಲ್ಲಿ ನನಗೆ ಏನನ್ನೂ ನೆನೆಸಿಕೊಳ್ಳಲು ಆಗುವುದಿಲ್ಲ. ಅಳು ಬರುವುದೂ ಅಲ್ಲಿ ಅಲ್ಲ, ಎಲ್ಲ ಮುಗಿದು ಪಿಟೀಲನ್ನು ಪೆಟ್ಟಿಗೆಗೆ ಇಡುವಾಗ” ಎಂದು ಬರೆದಿದ್ದಳು.

ಇದಕ್ಕೆ ಏನು ಉತ್ತರ ಬರೆಯಬೇಕೆಂದು ತಿಳಿಯದೆ ಪತ್ರವನ್ನು ನನ್ನ ತಂದೆಯವರಿಗೆ ಓದಿ ಹೇಳಿದೆ. ಅವರು ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಇದೇ ಸನ್ನಿಧಿಯಲ್ಲಿ ಪೂಜೆ ಮಾಡಿದವರು. ಪತ್ರವನ್ನು ಪೂರ್ತಿ ಕೇಳಿ ಅವರು ನಕ್ಕರು. “ಮಂಗಳಾರತಿ ಹೊತ್ತಿನಲ್ಲಿ ನಾನು ದೇವರನ್ನು ನೆನೆಸ್ತೀನಿ ಅಂದುಕೊಂಡಿದ್ಯೇನೋ? ಕರ್ಪೂರ ಎಲ್ಲಿ ಬಿದ್ದೀತೋ, ಮಡಿ ಸೆರಗು ಎಲ್ಲಿ ಹತ್ತೀತೋ ಅಂತ ಕೈ ಮೇಲೇ ಕಣ್ಣಿರತ್ತೆ. ಆಮೇಲೆ ಎಲ್ಲಾರೂ ಹೋದ ಮೇಲೆ ಬಾವಿ ಕಟ್ಟೆ ಹತ್ತಿರ ಪೂಜೆ ಪಾತ್ರೆ ತೊಳೀತೀನಲ್ಲ, ಅಲ್ಲಿ ಬರ್ತಾನೆ ಅವನು. ಆ ಹುಡುಗಿಗೆ ಬರಿ, ಪೆಟ್ಟಿಗೆ ನಿಧಾನವಾಗಿ ಮುಚ್ಚಲಿ” ಎಂದರು.

ಅದನ್ನೇ ಬರೆದು ಕಳುಹಿಸಿದ್ದೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥